ಸೂರೆಹೋದ ದೇವಾಲಯವೂ ‘ಪ್ರಲಾಪಗಳ’ ಕವಿಯೂ

ಕಳೆದ ವರ್ಷ ನಾವು ಐದನೆಯ ತರಗತಿಯ ಮಕ್ಕಳನ್ನು ಹಂಪಿಗೆ ಕರೆದೊಯ್ದಿದ್ದೆವು. ಕೃಷ್ಣ ದೇವಾಲಯದ ಬರಿದಾದ ಗರ್ಭಗುಡಿಯ ಮುಂದೆ ನಿಂತು, ರಕ್ಕಸಗಿ–ತಂಗಡಗಿಯ ಕಾಳಗ, ಅಳಿಯ ರಾಮರಾಯನ ಮರಣ, ಪಟ್ಟಣದ ಸೂರೆ ಇವುಗಳನ್ನು ಕ್ರಮವಾಗಿ ಹೇಳುತ್ತಿದ್ದಾಗ ಹುಡುಗನೊಬ್ಬನು ನಡುವೆ ಬಾಯಿಹಾಕಿ, “ಸಾರ್, ದೇವರು ಒಳಗ ಇದ್ದಾಗ ಒಡದರೋ, ಇಲ್ಲದಾಗ ಒಡದರೋ?” ಎಂದು ಕೇಳಿದನು. ಜೊತೆಯ ಮಕ್ಕಳು ನಕ್ಕರು. ನಾವು ನಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ಕಾಳಗದ ಇಸವಿಯನ್ನು ಇನ್ನೊಮ್ಮೆ ಹೇಳಿ, ಬರೆದುಕೊಳ್ಳಿರೆಂದು ಅಪ್ಪಣೆ ಮಾಡಿ ಮುಂದಕ್ಕೆ ನಡೆದೆವು. ಹುಡುಗನು 1565 ಎಂದು ಬರೆದುಕೊಂಡನು. ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದನ್ನು ಉಪಾಧ್ಯಾಯ ತರಬೇತಿಯಲ್ಲಿ ನಮಗೆ ಚೆನ್ನಾಗಿ ಕಲಿಸಿದ್ದರು. ಇಂಥ ಪ್ರಶ್ನೆಯನ್ನು ಹೇಗೆ ಎದುರಿಸಬೇಕೆಂಬುದನ್ನು ಕಲಿಸಿರಲಿಲ್ಲ.

ಆ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಾದುದಲ್ಲ. ಆ ಗರ್ಭಗುಡಿಯಲ್ಲಿದ್ದ ಬಾಲಕೃಷ್ಣನು ಅಲ್ಲಿಗೆ ಬಂದುದೇ ಗೆಲವಿನ ಫಲವಾಗಿ. ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ ಕೃಷ್ಣದೇವರಾಯನು ಗಜಪತಿಯಿಂದ ಉದಯಗಿರಿಯ ಕೋಟೆಯನ್ನು ಗೆದ್ದು, ಅಲ್ಲಿಯ ವಿಗ್ರಹವನ್ನು ತನ್ನ ರಾಜಧಾನಿಗೆ ತಂದು, ಅದಕ್ಕಾಗಿಯೇ ಈ ಗುಡಿಯನ್ನು ಕಟ್ಟಿಸಿ ಪ್ರತಿಷ್ಠಿಸಿದನು. ನಾವು ಹಂಪಿಯಲ್ಲಿ ನಿಂತು ಕೇಳುವ ಪ್ರಶ್ನೆಯನ್ನು ಅದಕ್ಕೆ ಐವತ್ತು ವರ್ಷ ಮುಂಚೆ ಉದಯಗಿರಿಯ ಹುಡುಗನೊಬ್ಬನು ಕೇಳಿದ್ದಿರಬಹುದು. ಗೆದ್ದವನಿಗೆ ದೇವರು ಅತಿಥಿಯಾಗಿ ಬಂದನು. ಸೋತವನಿಗೆ ದೇವರು ಹೋದನು. ಒಂದೇ ಮೆರವಣಿಗೆಯನ್ನು ಎರಡು ಕಡೆಯಿಂದ ನೋಡಿದರೆ ಎರಡು ಅರ್ಥಗಳು ಹುಟ್ಟುತ್ತವೆ.

ಈ ವಿಚಾರವನ್ನು ಕಡೆಯವರೆಗೂ ಹಿಡಿದು ಬರೆದ ಕಾವ್ಯವೊಂದು ಎಲ್ಲಿಯಾದರೂ ಇದೆಯೇ ಎಂದು ಅರಸುತ್ತಿದ್ದಾಗ ನಮಗೆ ದೊರೆತುದು ಕನ್ನಡ ಬೈಬಲಿನಲ್ಲಿ ‘ಪ್ರಲಾಪಗಳು’ ಎಂಬ ಹೆಸರಿನಿಂದಿರುವ ಐದು ಸಣ್ಣ ಅಧ್ಯಾಯಗಳ ಪುಸ್ತಕ. ಪರಮತದ ಗ್ರಂಥದ ವಿಮರ್ಶೆ ನಮಗೇಕೆ ಎಂದು ಕೇಳುವ ಮಿತ್ರರು ಇರಬಹುದು. ನಮ್ಮ ಆದವಾನಿ ಸೀಮೆಯು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಆ ಬಳ್ಳಾರಿಯಲ್ಲಿಯೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದರು. ಹೀಗೆ ನೆರೆಯ ಊರಿನಲ್ಲಿ ನಮ್ಮ ಭಾಷೆಯನ್ನು ಹೊಕ್ಕ ಗ್ರಂಥವನ್ನು ಹೊರಗಿನದೆಂದು ತಳ್ಳುವುದು ಸರಿಯಲ್ಲ. ಅಲ್ಲದೆ ಈ ಕಾವ್ಯಕ್ಕೂ ಅಕ್ಷರ ಕಲಿಸುವ ನಮ್ಮ ವೃತ್ತಿಗೂ ಒಂದು ಗುಪ್ತವಾದ ನಂಟಿದೆ. ಅದನ್ನು ಮುಂದೆ ಹೇಳುವೆವು.

ಕಾವ್ಯದ ಹಿಂದಿರುವ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಯೆಹೂದವೆಂಬುದು ಮಲೆಗಳ ನಡುವಿನ ಒಂದು ಚಿಕ್ಕ ರಾಜ್ಯ. ಯೆರೂಸಲೇಮು ಅದರ ರಾಜಧಾನಿ. ಸೊಲೊಮೋನನು ಕಟ್ಟಿಸಿದನೆಂಬ ದೇವಾಲಯವು ಆ ನಗರದ ಪ್ರಾಣ. ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಕ್ರಿ.ಪೂ. 597ರಲ್ಲಿ ಮೊದಲ ಸಲ ಆ ನಗರವನ್ನು ಹಿಡಿದನು. ಈ ಸಂಗತಿ ಬಾಬೆಲಿನ ಮಣ್ಣಿನ ಹಲಗೆಯೊಂದರಲ್ಲಿಯೂ ಇದೆ. 1956ರಲ್ಲಿ ಪ್ರಕಟವಾದ ಆ ಲೇಖವು, ನಗರವನ್ನು ಹಿಡಿದುದನ್ನೂ ತನ್ನ ಮನಸ್ಸಿಗೆ ಬಂದವನನ್ನು ಅರಸನನ್ನಾಗಿ ಮಾಡಿದುದನ್ನೂ ಭಾರಿ ಕಪ್ಪವನ್ನು ಕೊಂಡೊಯ್ದುದನ್ನೂ ಹೇಳಿ, ದೇವಾಲಯದ ಹೆಸರನ್ನೇ ಎತ್ತದೆ ಮುಂದಿನ ವರ್ಷದ ದಂಡಯಾತ್ರೆಗೆ ಹೊರಟುಬಿಡುತ್ತದೆ. ಕೆಲವು ವರ್ಷಗಳ ಮೇಲೆ, ಹಾಗೆ ಪಟ್ಟಕ್ಕೆ ಬಂದ ಚಿದ್ಕೀಯನೇ ತಿರುಗಿಬಿದ್ದನು. ಒಂದೂವರೆ ವರ್ಷ ಮುತ್ತಿಗೆ, ಊರಿನೊಳಗೆ ಕ್ಷಾಮ, ಕ್ರಿ.ಪೂ. 587ರಲ್ಲಿ (586 ಎಂದು ಎಣಿಸುವವರೂ ಉಂಟು) ಗೋಡೆ ಒಡೆಯಿತು. ತಿಂಗಳೊಂದರ ಮೇಲೆ ಗುಡಿಗೆ ಬೆಂಕಿ ಬಿದ್ದಿತು.

ಸೂರೆಯ ವಸ್ತುಗಳ ಪಟ್ಟಿಯೊಂದು ‘ಅರಸುಗಳು’ ಎಂಬ ಗ್ರಂಥದ ಕೊನೆಯಲ್ಲಿದೆ. ಗುಡಿಯ ಮುಂದಿದ್ದ ಎರಡು ತಾಮ್ರದ ಕಂಬಗಳನ್ನು, ‘ಸಮುದ್ರ’ವೆಂದು ಕರೆಯುತ್ತಿದ್ದ ದೊಡ್ಡ ನೀರಿನ ಕೊಪ್ಪರಿಗೆಯನ್ನು, ಪೀಠಗಳನ್ನು ಒಡೆದು ಲೋಹವನ್ನು ಸಾಗಿಸಿದರು. ಬೂದಿಯ ಬಟ್ಟಲು, ಸಲಿಕೆ, ದೀಪದ ಕತ್ತರಿ, ಧೂಪದ ಸೌಟು—ಯಾವುದನ್ನೂ ಬಿಡಲಿಲ್ಲ. ಕಂಬದ ಎತ್ತರ ಹದಿನೆಂಟು ಮೊಳ. ಯೆರೆಮೀಯನ ಗ್ರಂಥದ ಕಡೆಯಲ್ಲಿ ಇದೇ ಪಟ್ಟಿ ಇನ್ನೂ ವಿವರವಾಗಿದೆ: ಕಂಬದ ಸುತ್ತಳತೆ ಹನ್ನೆರಡು ಮೊಳ, ಲೋಹದ ದಪ್ಪ ನಾಲ್ಕು ಬೆರಳು, ಒಳಗೆ ಪೊಳ್ಳು, ಮೇಲಣ ಜಾಲರಿಯಲ್ಲಿ ದಾಳಿಂಬೆಗಳು ಒಂದು ನೂರು. ಕಳೆದುಹೋದ ಮನೆಯ ಕಂಬದ ದಾಳಿಂಬೆಗಳನ್ನು ಕುಳಿತು ಎಣಿಸುವವನ ಮನಃಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಅಲ್ಲಿ ಒಂದು ವಿಲಾಪದ ಮಾತೂ ಇಲ್ಲ. ಇರುವುದು ಅಳತೆ ಮತ್ತು ಲೆಕ್ಕ.

ಈ ಸೂರೆಯಿಂದ ಗೆದ್ದವನು ಏನು ಹೇಳಬಯಸಿದನು? ಚಿನ್ನದ ಆಸೆಯೊಂದೇ ಆಗಿದ್ದರೆ ಧರ್ಮದ ಪ್ರಶ್ನೆ ಏಳುತ್ತಿರಲಿಲ್ಲ. ಆ ಕಾಲದಲ್ಲಿ, ಆ ದೇಶಗಳಲ್ಲಿ, ಸೋತ ಊರಿನ ದೇವರ ವಿಗ್ರಹವನ್ನು ಹೊತ್ತೊಯ್ಯುವುದು ಯುದ್ಧದ ರೂಢಿಯೇ ಆಗಿದ್ದಿತು. ಬಾಬೆಲಿನ ಮರ್ದೂಕನ ವಿಗ್ರಹವೇ ಒಮ್ಮೆ ಹಿತ್ತೀಯರ ಪಾಲಾಯಿತು, ಇನ್ನೊಮ್ಮೆ ಏಲಾಮಿನವರ ಪಾಲಾಯಿತು. ಬಾಬೆಲಿನ ಪುರೋಹಿತರು ಅದಕ್ಕೆ ಕಂಡುಕೊಂಡ ಸಮಾಧಾನ ಕುತೂಹಲಕರವಾದುದು. ಅವರಲ್ಲಿ ಒಂದು ಲೇಖವಿದೆ. ಅದರಲ್ಲಿ ಮರ್ದೂಕನು ತಾನೇ ಮಾತಾಡಿ, ತಾನು ಸೆರೆಹೋಗಲಿಲ್ಲ, ತನ್ನ ಇಚ್ಛೆಯಿಂದಲೇ ದೇಶಸಂಚಾರ ಮಾಡಿ ಬಂದೆನೆಂಬ ಭಾವದಲ್ಲಿ ತನ್ನ ಯಾತ್ರೆಗಳ ಕಥೆಯನ್ನು ಹೇಳಿಕೊಳ್ಳುತ್ತಾನೆ. ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚೋಳ ರಾಜಾಧಿರಾಜನು ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ದ್ವಾರಪಾಲಕನ ಮೂರ್ತಿಯೊಂದನ್ನು ಹೊತ್ತೊಯ್ದು, ಆ ಸಂಗತಿಯನ್ನು ಅದರ ಪೀಠದ ಮೇಲೆ ತಮಿಳಿನಲ್ಲಿ ಕೊರೆಯಿಸಿದನು. ಆ ಮೂರ್ತಿ ತಂಜಾವೂರು ಸೀಮೆಯ ದಾರಾಸುರದಲ್ಲಿ ದೊರೆಯಿತು. ಬಾಗಿಲನ್ನು ಕಾಯಬೇಕಾದವನನ್ನೇ ಎತ್ತಿಕೊಂಡು ಹೋಗುವುದರಲ್ಲಿ ಎಂಥ ಅಣಕವಿದೆ! ಗೆದ್ದವನು ಹೀಗೆ ಪೀಠದ ಮೇಲೆಯೇ ಬರೆಸುತ್ತಾನೆ. ಸೋತವನಿಗೆ ಬರೆಯಲು ಬೇರೆ ಜಾಗ ಬೇಕಾಗುತ್ತದೆ.

ಯೆರೂಸಲೇಮಿನ ಗುಡಿಯಲ್ಲಿ ದೇವರ ವಿಗ್ರಹವಿರಲಿಲ್ಲ. ಆದುದರಿಂದ ಅಲ್ಲಿ ಸೆರೆಹೋದುವು ಪಾತ್ರೆಗಳು. ಗೆದ್ದವನ ಭಾಷೆಯಲ್ಲಿ ಅವುಗಳ ಅರ್ಥ ಒಂದೇ: ನಿಮ್ಮ ದೇವರು ಸೋತನು. ಈ ಅರ್ಥವನ್ನು ಒಪ್ಪಿಕೊಂಡಿದ್ದರೆ ಯೆಹೂದ್ಯರ ಧರ್ಮ ಅಲ್ಲಿಗೇ ಮುಗಿಯುತ್ತಿದ್ದಿತು. ನೆರೆಯ ಎಷ್ಟೋ ಜನಾಂಗಗಳ ದೇವರುಗಳು ಹೀಗೆಯೇ ಹೆಸರಿಲ್ಲದೆ ಹೋದರು. ಇವರು ಒಪ್ಪಲಿಲ್ಲ. ಹೇಗೆ ಒಪ್ಪಲಿಲ್ಲವೆಂಬುದೇ ನಮ್ಮ ವಿಷಯ.

ಯೆರೆಮೀಯನ ಉತ್ತರವು ಸೂರೆಗಿಂತಲೂ ಹಿಂದಿನದು. ಗುಡಿಯ ಬಾಗಿಲಲ್ಲಿಯೇ ನಿಂತು ಅವನು ಒಳಗೆ ಹೋಗುವ ಭಕ್ತರಿಗೆ, ಇದು ಯೆಹೋವನ ಆಲಯವೆಂದು ಮಂತ್ರದಂತೆ ಹೇಳಿಕೊಂಡರೆ ಪ್ರಯೋಜನವಿಲ್ಲವೆಂದು ಸಾರಿದನು. ಪರದೇಶಿಯನ್ನೂ ತಬ್ಬಲಿಯನ್ನೂ ವಿಧವೆಯನ್ನೂ ಹಿಂಸಿಸಿ, ಕಳವು ಕೊಲೆ ಸುಳ್ಳು ಪ್ರಮಾಣಗಳನ್ನು ಮಾಡಿ, ಅನಂತರ ಇಲ್ಲಿಗೆ ಬಂದು ನಾವು ಸುರಕ್ಷಿತರೆಂದು ಹೇಳುವವರಿಗೆ ಈ ಆಲಯವು ಕಳ್ಳರ ಗವಿಯಾಗಿದೆಯೆಂದನು. ಹಿಂದೆ ಶೀಲೋವಿನಲ್ಲಿದ್ದ ಪವಿತ್ರಸ್ಥಾನಕ್ಕೆ ಏನಾಯಿತೆಂದು ಹೋಗಿ ನೋಡಿರೆಂದನು. ಈ ಮಾತಿಗಾಗಿ ಅವನ ಮೇಲೆ ಮರಣದಂಡನೆಯ ವಿಚಾರಣೆಯೇ ನಡೆಯಿತು. ಅವನ ತಾತ್ಪರ್ಯವಿಷ್ಟು: ಗುಡಿ ದೇವರನ್ನು ಕಟ್ಟಿಹಾಕಲಾರದು, ಅನ್ಯಾಯದ ನಾಡಿನಲ್ಲಿ ದೇವರೇ ತನ್ನ ಮನೆಯನ್ನು ಶತ್ರುವಿನ ಕೈಗೆ ಕೊಟ್ಟಾನು. ಬಾಬೆಲಿನ ಅರಸನು ಗೆದ್ದವನಲ್ಲ, ಕೇವಲ ಕೈಗೋಲು. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂಬ ಮಾತನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತವಾದ ದನಿಯಲ್ಲ.

ಯೆರೆಮೀಯನ ಎದುರಾಳಿಯಾದ ಹನನ್ಯನ ವಿಚಾರವನ್ನು ಇಲ್ಲಿ ಹೇಳದೆ ಬಿಡಲಾಗದು. ಮೊದಲನೆಯ ಸೂರೆಯ ನಂತರ ಅವನು ಗುಡಿಯಲ್ಲಿ ಎಲ್ಲರ ಮುಂದೆ ನಿಂತು, ಎರಡು ವರ್ಷದೊಳಗಾಗಿ ಪಾತ್ರೆಗಳೆಲ್ಲ ಹಿಂದಿರುಗುವುವೆಂದು ಭವಿಷ್ಯ ಹೇಳಿದನು. ಯೆರೆಮೀಯನ ಕುತ್ತಿಗೆಯಲ್ಲಿದ್ದ ಮರದ ನೊಗವನ್ನು ಮುರಿದೂ ಹಾಕಿದನು. ಜನರಿಗೆ ಬೇಕಾಗಿದ್ದುದು ಅದೇ ಮಾತು. ಯೆರೆಮೀಯನ ಮೊದಲ ಉತ್ತರ ನಮಗೆ ಬಹಳ ಹಿಡಿಸಿತು: ಹಾಗೆಯೇ ಆಗಲಿ, ದೇವರು ಹಾಗೆಯೇ ಮಾಡಲಿ ಎಂದನು. ತನ್ನ ಮಾತು ಸುಳ್ಳಾಗಲೆಂದು ಹಾರೈಸಬಲ್ಲ ಪ್ರವಾದಿ ಅವನು. ಆಮೇಲೆ, ಮರದ ನೊಗ ಮುರಿದವನಿಗೆ ಕಬ್ಬಿಣದ ನೊಗ ಬರುವುದೆಂದು ಹೇಳಿದನು, ಹಾಗೆಯೇ ಆಯಿತು.

ಯೆಹೆಜ್ಕೇಲನ ಉತ್ತರ ಬೇರೆ ರೀತಿಯದು. ಅವನು ಮೊದಲನೆಯ ಸೂರೆಯಲ್ಲಿಯೇ ಸೆರೆಯಾಗಿ ಬಾಬೆಲಿನ ಕೆಬಾರ್ ಕಾಲುವೆಯ ತೀರದಲ್ಲಿ ನೆಲಸಿದ್ದ ಪುರೋಹಿತ. ಗುಡಿ ಇನ್ನೂ ನಿಂತಿರುವಾಗಲೇ ಅವನಿಗೊಂದು ದರ್ಶನವಾಗುತ್ತದೆ: ದೇವರ ತೇಜಸ್ಸು ಗರ್ಭಗುಡಿಯಿಂದ ಎದ್ದು ಹೊಸ್ತಿಲಿಗೆ ಬರುತ್ತದೆ, ಹೊಸ್ತಿಲಿನಿಂದ ಮೂಡಣ ಬಾಗಿಲಿಗೆ, ಬಾಗಿಲಿನಿಂದ ಊರ ಮೂಡಣ ಬೆಟ್ಟಕ್ಕೆ. ಮನೆ ಬಿಡಲು ಮನಸ್ಸಿಲ್ಲದ ಹಿರಿಯರು ಹೊಸ್ತಿಲಲ್ಲೊಮ್ಮೆ ಅಂಗಳದಲ್ಲೊಮ್ಮೆ ನಿಂತು ಹೋಗುವ ಹಾಗೆ. ಇವನು ಕಂಡ ದೇವರ ಪೀಠಕ್ಕೆ ಚಕ್ರಗಳಿವೆ. ಅದು ಸೆರೆಯಾದವರಿದ್ದಲ್ಲಿಗೂ ಬರಬಲ್ಲುದು. ನಮ್ಮ ಶಾಲೆಯ ಹುಡುಗನಿಗೆ ಯೆಹೆಜ್ಕೇಲನು, ಇಲ್ಲದಾಗ ಒಡೆದರಪ್ಪ, ಎಂದು ಖಂಡಿತವಾಗಿ ಹೇಳುತ್ತಿದ್ದನು. ಆದರೆ ಅವನ ಉತ್ತರಕ್ಕೂ ಬೆಲೆ ತೆರಬೇಕಾಯಿತು. ಗುಡಿ ಬೀಳುವ ಹೊತ್ತಿನಲ್ಲಿ ಅವನ ಹೆಂಡತಿ ಸತ್ತಳು. ಅಳಬಾರದು, ಮುಂಡಾಸನ್ನು ಬಿಚ್ಚಬಾರದು ಎಂದು ದೇವರ ಅಪ್ಪಣೆಯಾಯಿತು. ಜನರಿಗೆ ಅದೊಂದು ಗುರುತಾಗಬೇಕೆಂದು. ಅವನು ಅಳಲಿಲ್ಲ. ಆ ಅಧ್ಯಾಯವನ್ನು ಓದುವಾಗ ನಮ್ಮ ಮನಸ್ಸು ಆ ಅಪ್ಪಣೆಯನ್ನು ಒಪ್ಪದು.

ಈ ಎರಡು ಉತ್ತರಗಳೂ ದೊಡ್ಡವು. ಗೆದ್ದವನ ಕೈಯಿಂದ ಅರ್ಥವನ್ನು ಕಿತ್ತುಕೊಂಡವು. ಆದರೆ ಇವುಗಳಲ್ಲಿ ಒಂದು ಅಪಾಯವಿದೆ. ಪೆಟ್ಟು ತಿಂದು ಅಳುತ್ತ ಬಂದ ಮಗುವನ್ನು, ನೀನೇನು ಮಾಡಿದೆ ಎಂದು ಮೊದಲು ಕೇಳುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಉಂಟು. ಕಾರಣ ತಿಳಿದೊಡನೆ ನಮಗೆ ಸಮಾಧಾನವಾಗುತ್ತದೆ. ಮಗುವಿನ ನೋವು ಮಾತ್ರ ಹಾಗೆಯೇ ಇರುತ್ತದೆ. ಸೂರೆಗೆ ಕಾರಣ ಹೇಳುವ ಧರ್ಮಗಳೆಲ್ಲಕ್ಕೂ ಈ ದೋಷ ತಪ್ಪಿದ್ದಲ್ಲ. ‘ಪ್ರಲಾಪಗಳ’ ಕವಿಯು ಇದನ್ನು ಅರಿತವನು.

ಸಂಪ್ರದಾಯವು ಈ ಕಾವ್ಯವನ್ನೂ ಯೆರೆಮೀಯನದೆಂದೇ ಹೇಳುತ್ತದೆ. ಕಾವ್ಯದೊಳಗೆ ಕವಿಯ ಹೆಸರಿಲ್ಲ. ಹೀಬ್ರೂ ಬೈಬಲಿನಲ್ಲಿ ಇದನ್ನು ಯೆರೆಮೀಯನ ಗ್ರಂಥದ ಪಕ್ಕದಲ್ಲಿ ಇಟ್ಟೂ ಇಲ್ಲ. ಹೀಬ್ರೂವಿನಲ್ಲಿ ಇದಕ್ಕಿರುವ ಹೆಸರು ಮೊದಲನೆಯ ಪದವೇ ಆದ ‘ಏಖಾ’. ಅಂದರೆ ‘ಹೇಗೆ’ ಎಂದರ್ಥ. ಐದು ಅಧ್ಯಾಯಗಳು ಐದು ಬಿಡಿ ಪ್ರಲಾಪಗಳು. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರಗಳಿವೆ. ಮೊದಲನೆಯ ಪ್ರಲಾಪದ 22 ಪದ್ಯಗಳು ಆ ಅಕ್ಷರಗಳಿಂದ ಕ್ರಮವಾಗಿ ಮೊದಲಾಗುತ್ತವೆ. ಎರಡನೆಯದೂ ನಾಲ್ಕನೆಯದೂ ಹಾಗೆಯೇ. ನಡುವಿನ ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರರಂತೆ 66 ವಚನಗಳು. ಐದನೆಯದರಲ್ಲಿ ಪದ್ಯಗಳು 22 ಇವೆ, ಆದರೆ ಅಕ್ಷರದ ಕ್ರಮವಿಲ್ಲ. ಇನ್ನೊಂದು ಸೋಜಿಗವೆಂದರೆ, ಮೊದಲನೆಯ ಪ್ರಲಾಪದಲ್ಲಿ ‘ಅಯಿನ್’ ಮುಂದೆ ‘ಪೇ’ ಬರುತ್ತದೆ. ಎರಡು ಮೂರು ನಾಲ್ಕರಲ್ಲಿ ‘ಪೇ’ ಮುಂದಾಗಿ ‘ಅಯಿನ್’ ಹಿಂದಾಗಿದೆ. ಹಳೆಯ ಕಾಲದಲ್ಲಿ ವರ್ಣಮಾಲೆಯನ್ನು ಹಾಗೂ ಕಲಿಸುತ್ತಿದ್ದರೆಂದು ಪಂಡಿತರು ಹೇಳುತ್ತಾರೆ. ಅಕ್ಷರ ತಿದ್ದಿಸುವ ನಮಗೆ ಇದರಿಂದಾದ ಸಂತೋಷ ಅಷ್ಟಿಷ್ಟಲ್ಲ.

ಇದು ಬರಿಯ ಚಮತ್ಕಾರವೆಂದು ಮೊದಲು ನಾವೂ ಎಣಿಸಿದೆವು. ನಮ್ಮ ಚಿತ್ರಕವಿತ್ವದ ಕಸರತ್ತಿನಂಥದೆಂದು ಬಗೆದೆವು. ಮತ್ತೆ ಮತ್ತೆ ಓದಿದಾಗ ಅಭಿಪ್ರಾಯ ಬದಲಾಯಿತು. ಷಟ್ಪದಿಗೆ ಆದಿಪ್ರಾಸದ ಕಟ್ಟು ಇರುವಂತೆ ಈ ಅಳುವಿಗೆ ಅಕ್ಷರದ ಕಟ್ಟು ಇದೆ. ಗುಡಿ ಹೋಗಿದೆ, ಅರಸನು ಹೋಗಿದ್ದಾನೆ, ಹಬ್ಬಗಳು ನಿಂತಿವೆ, ಬಲಿಪೀಠವಿಲ್ಲ. ಕವಿಯ ಕೈಯಲ್ಲಿ ಉಳಿದುದು ಬಾಲ್ಯದಲ್ಲಿ ಕಲಿತ ಅಕ್ಷರಮಾಲೆಯೊಂದೇ. ಬಾಬೆಲಿನವರು ಪಟ್ಟಿಯಲ್ಲಿ ಸೇರಿಸಿಕೊಳ್ಳದೆ ಬಿಟ್ಟ ಆಸ್ತಿ ಅದು. ಮೊದಲಕ್ಷರದಿಂದ ಕಡೆಯಕ್ಷರದವರೆಗೆ ಹೋದರೆ ಹೇಳಬೇಕಾದುದನ್ನೆಲ್ಲ ಹೇಳಿದಂತಾಗುತ್ತದೆ, ಒಂದೂ ಬಿಟ್ಟುಹೋಗದು. ಹಾಗೆಯೇ ಅಳುವಿಗೆ ಒಂದು ಕೊನೆಯೂ ದೊರೆಯುತ್ತದೆ. ಕೊನೆ ಬಂದಮೇಲೆ ಕವಿ ಮತ್ತೆ ಮೊದಲಕ್ಷರಕ್ಕೆ ಹೋಗುತ್ತಾನೆ, ಅಳು ಮುಗಿದಿಲ್ಲ. ಹೀಗೆ ನಾಲ್ಕು ಸಲ. ಐದನೆಯ ಸಲ ಅವನಿಗೆ ಅಕ್ಷರವೂ ಕೈಕೊಡುತ್ತದೆ; ಎಣಿಕೆ ಮಾತ್ರ ಉಳಿಯುತ್ತದೆ.

ಮೊದಲನೆಯ ಪ್ರಲಾಪದಲ್ಲಿ ಚೀಯೋನ್ ನಗರಿಯು ವಿಧವೆಯಾಗಿ ರಾತ್ರಿಯಲ್ಲಿ ಒಬ್ಬಳೇ ಕುಳಿತಿದ್ದಾಳೆ. ಕಣ್ಣೊರಸುವವರಿಲ್ಲ. ಗುಡಿಯ ಸೂರೆಯ ಮಾತು ಇಲ್ಲಿ ಒಂದೇ ಪದ್ಯದಲ್ಲಿ ಬರುತ್ತದೆ: ಯಾರು ಸಭೆಯೊಳಗೆ ಬರಕೂಡದೆಂದು ದೇವರೇ ವಿಧಿಸಿದ್ದನೋ ಅವರು ಪವಿತ್ರಸ್ಥಾನವನ್ನು ಹೊಕ್ಕುದನ್ನು ಅವಳು ನೋಡಿದಳು. ನಿನ್ನ ಕಟ್ಟಳೆಯನ್ನು ನಾವು ಮುರಿದೆವು ಸರಿ. ಈ ಕಟ್ಟಳೆಯನ್ನು ಮುರಿಯಲು ಬಿಟ್ಟವರು ಯಾರು? ಈ ಪ್ರಶ್ನೆಯನ್ನು ಕವಿ ಬಾಯಿಬಿಟ್ಟು ಕೇಳುವುದಿಲ್ಲ. ಸಂಗತಿಯನ್ನು ಮುಂದಿಟ್ಟು ಸುಮ್ಮನಾಗುತ್ತಾನೆ.

ಎರಡನೆಯ ಪ್ರಲಾಪವೇ ನಮ್ಮ ದೃಷ್ಟಿಯಲ್ಲಿ ಈ ಕಾವ್ಯದ ಶಿಖರ. ಇಲ್ಲಿ ಬಾಬೆಲಿನವರ ಹೆಸರೇ ಇಲ್ಲ. ಕೆಡವಿದವನು, ಸುಟ್ಟವನು, ಬಿಲ್ಲೆಳೆದವನು ಎಲ್ಲ ದೇವರೇ. ತನ್ನ ಪಾದಪೀಠವನ್ನು ಅವನೇ ಮರೆತನು. ಗುಡಿಯನ್ನು ತೋಟದ ಗುಡಿಸಲನ್ನು ಕಿತ್ತಂತೆ ಕಿತ್ತನು. ಗೋಡೆಯನ್ನು ಬೀಳಿಸುವುದಕ್ಕೆ ಮುಂಚೆ ನೂಲು ಹಿಡಿದು ಅಳೆದನು. ಕಟ್ಟುವವನು ನೂಲು ಹಿಡಿಯುವುದನ್ನು ನಾವು ಕಂಡಿದ್ದೇವೆ. ಕೆಡಹುವವನೂ ಅಷ್ಟೇ ಎಚ್ಚರದಿಂದ ಅಳೆದನೆಂಬಲ್ಲಿ ಮೈ ನಡುಗುತ್ತದೆ. ಗುಡಿಯೊಳಗೆ ಶತ್ರುಗಳು ಹಾಕಿದ ಬೊಬ್ಬೆಯನ್ನು ಕವಿಯು ಹಬ್ಬದ ದಿನದ ಗದ್ದಲಕ್ಕೆ ಹೋಲಿಸುತ್ತಾನೆ. ಈ ಒಂದು ಉಪಮೆಗೆ ನಾವು ಇಡೀ ಕಾವ್ಯಗಳನ್ನು ಕೊಟ್ಟೇವು. ದೂರದಲ್ಲಿದ್ದು ಆ ಶಬ್ದವನ್ನು ಕೇಳಿದವನೊಬ್ಬನು ಒಂದು ಕ್ಷಣ ಜಾತ್ರೆಯೇ ನಡೆಯುತ್ತಿದೆಯೆಂದು ಭ್ರಮಿಸಿದ್ದನೇನೋ.

ಎಲ್ಲವನ್ನೂ ದೇವರೇ ಮಾಡಿದನೆಂದು ಹೇಳುವಲ್ಲಿಯವರೆಗೆ ಕವಿ ಯೆರೆಮೀಯನ ಶಿಷ್ಯನೇ. ಆದರೆ ಆಮೇಲೆ ಅವನು ಬೀದಿಗೆ ಬರುತ್ತಾನೆ. ಅಲ್ಲಿ ಮಕ್ಕಳು ತಾಯಂದಿರನ್ನು ಕಾಳೆಲ್ಲಿ, ದ್ರಾಕ್ಷಾರಸವೆಲ್ಲಿ ಎಂದು ಕೇಳುತ್ತ ಅವರ ಮಡಿಲಲ್ಲಿಯೇ ಪ್ರಾಣ ಬಿಡುತ್ತಿವೆ. ಈ ಮಕ್ಕಳ ಪಾಪವೇನು? ಕವಿಯು ಲೆಕ್ಕ ಹಾಕಿ ತೋರಿಸುವುದಿಲ್ಲ. ನಗರಿಗೆ, ನಿನ್ನ ಮಕ್ಕಳ ಪ್ರಾಣಕ್ಕಾಗಿ ಕೈಯೆತ್ತು, ರಾತ್ರಿಯ ಜಾವಜಾವಕ್ಕೂ ಎದ್ದು ಕೂಗು ಎಂದು ಹೇಳುತ್ತಾನೆ. ಅವಳು ಎದ್ದು ಕೂಗುತ್ತಾಳೆ, ಕ್ಷಮೆ ಬೇಡುವುದಿಲ್ಲ. ನೋಡು, ಇದನ್ನು ಯಾರಿಗೆ ಮಾಡಿದ್ದೀ ನೋಡು ಎನ್ನುತ್ತಾಳೆ. ದೇವರು ಉತ್ತರ ಕೊಡುವುದಿಲ್ಲ. ಐದು ಪ್ರಲಾಪಗಳಲ್ಲಿ ಎಲ್ಲಿಯೂ ದೇವರು ಮಾತನಾಡಲು ಬಾಯಿ ತೆರೆಯುವುದೇ ಇಲ್ಲ.

ಊರ್ ಎಂಬ ಸುಮೇರಿಯ ನಗರದ ನಾಶದ ಮೇಲೆ ಇದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಪ್ರಲಾಪಕಾವ್ಯವೊಂದಿದೆ. 1940ರಲ್ಲಿ ಕ್ರೇಮರ್ ಎಂಬ ಪಂಡಿತರು ಅದನ್ನು ಪ್ರಕಟಿಸಿದರು. ಅಲ್ಲಿ ನಗರದೇವತೆಯಾದ ನಿಂಗಲ್ ಎಂಬವಳು ತನ್ನ ಊರಿಗಾಗಿ ಹಿರಿಯ ದೇವರುಗಳ ಮುಂದೆ ಕಣ್ಣೀರಿಡುತ್ತಾಳೆ, ತೀರ್ಪು ಬದಲಾಗುವುದಿಲ್ಲ, ಮನೆ ಬಿಟ್ಟು ಹೋಗುತ್ತಾಳೆ. ಊರಿನವರಿಗೆ ತಮ್ಮೊಡನೆ ಅಳುವ ದೇವತೆಯೊಬ್ಬಳಾದರೂ ಇದ್ದಳು. ಯೆರೂಸಲೇಮಿನವರಿಗೆ ದೇವರು ಒಬ್ಬನೇ. ಹೊಡೆದವನೂ ಅವನೇ, ಮೊರೆ ಕೇಳಬೇಕಾದವನೂ ಅವನೇ. ಬೇರೆ ಬಾಗಿಲಿಲ್ಲದ ಮನೆಯಂಥ ಈ ಸ್ಥಿತಿಯಿಂದಲೇ ‘ಪ್ರಲಾಪಗಳ’ ತೀವ್ರತೆ ಬಂದಿದೆ. ನಮ್ಮ ರನ್ನನ ದುರ್ಯೋಧನನು ರಣರಂಗದಲ್ಲಿ ಒಬ್ಬೊಬ್ಬರ ಹೆಣದ ಮುಂದೆಯೂ ನಿಂತು ಪ್ರಲಾಪಿಸುವಲ್ಲಿ ಕರುಣವು ವೀರಕ್ಕೆ ತಿರುಗಲು ದಾರಿಯಿದೆ. ಗದೆ ಇನ್ನೂ ಕೈಯಲ್ಲಿದೆ. ಇಲ್ಲಿ ಅದೂ ಇಲ್ಲ.

ಮೂರನೆಯ ಪ್ರಲಾಪವನ್ನು ಬಹುಮಂದಿ ವ್ಯಾಖ್ಯಾನಕಾರರು ಕಾವ್ಯದ ಹೃದಯವೆನ್ನುತ್ತಾರೆ. ದೇವರ ಕರುಣೆ ದಿನದಿನವೂ ಹೊಸದಾಗುತ್ತದೆಂಬ ಪ್ರಸಿದ್ಧವಾದ ಭರವಸೆಯ ಮಾತು ಇರುವುದು ಇಲ್ಲಿ. ಆ ಮಾತು ಸುಂದರವಾದುದೇ. ಆದರೆ ಅದನ್ನು ಕಿತ್ತು ಗೋಡೆಗೆ ತೂಗುಹಾಕುವವರು ಅದರ ಮುಂದಿನ ಪದ್ಯಗಳನ್ನು ಓದಬೇಕು: ಪ್ರಾರ್ಥನೆ ಮುಟ್ಟದಂತೆ ದೇವರು ಮೋಡವನ್ನು ಮರೆಮಾಡಿಕೊಂಡಿದ್ದಾನೆಂದು ಅದೇ ಕವಿ ಅದೇ ಉಸಿರಿನಲ್ಲಿ ಹೇಳುತ್ತಾನೆ. ಭರವಸೆಯು ಇಲ್ಲಿ ಗುರಿಯಲ್ಲ, ದಾರಿಯ ನಡುವೆ ಒಮ್ಮೆ ಕುಳಿತೆದ್ದ ಕಟ್ಟೆ.

ಈ ಕಾವ್ಯದಲ್ಲಿ ನಮಗೆ ಒಪ್ಪಿಗೆಯಾಗದ ಅಂಶಗಳೂ ಇವೆ. ಮೊದಲನೆಯದರಲ್ಲಿ ಸೋತ ನಗರವನ್ನು ಮಾನಗೆಟ್ಟ ಹೆಂಗಸಾಗಿ ಚಿತ್ರಿಸಿ ಅವಳ ಬೆತ್ತಲೆಯನ್ನು ಎತ್ತಿ ಆಡುವುದು ಕವಿಯ ಮರ್ಯಾದೆಗೆ ತಕ್ಕುದಲ್ಲ. ಅವಳು ತಾನೇ ಮಾತನಾಡಲು ತೊಡಗಿದ ಮೇಲೆ ಆ ಕಲೆ ಸ್ವಲ್ಪಮಟ್ಟಿಗೆ ತೊಳೆದುಹೋಗುತ್ತದೆ. ನಾಲ್ಕನೆಯದರ ಕೊನೆಯಲ್ಲಿ ನೆರೆಯ ಎದೋಮ್ಯರ ಮೇಲಿನ ಶಾಪವು ನೋವಿನಿಂದ ಬಂದುದಾದರೂ ಕಾವ್ಯವನ್ನು ಕೆಳಕ್ಕೆಳೆಯುತ್ತದೆ. ಆದರೆ ಅದೇ ನಾಲ್ಕನೆಯದರ ಆರಂಭ ಎಂಥದು! ಬೀದಿಯ ಕೊನೆಗಳಲ್ಲಿ ಗುಡಿಯ ಕಲ್ಲುಗಳು ಚೆಲ್ಲಿವೆ. ಮುಂದಿನ ಪದ್ಯದಲ್ಲಿಯೇ, ಬಂಗಾರದಂಥ ಮಕ್ಕಳು ಮಣ್ಣಿನ ಮಡಕೆಗಳಂತಾದರೆಂದು ಹೇಳುತ್ತಾನೆ. ಕಲ್ಲಿನಿಂದ ಮಕ್ಕಳಿಗೆ ಹೋಗುವ ಈ ಹೆಜ್ಜೆಯಲ್ಲಿ ನಮಗೆ ಕವಿಯ ಧರ್ಮವೇ ಕಾಣುತ್ತದೆ. ಸೂರೆಯಾದ ಪವಿತ್ರ ವಸ್ತು ಯಾವುದೆಂದು ಕೇಳಿದರೆ ಅವನು ಪಾತ್ರೆಗಳ ಪಟ್ಟಿಯನ್ನು ಓದುವುದಿಲ್ಲ.

ಐದನೆಯದರಲ್ಲಿ ದಿನದ ಬದುಕು: ನಮ್ಮ ನೀರನ್ನೇ ಹಣ ಕೊಟ್ಟು ಕುಡಿಯುತ್ತೇವೆ, ನಮ್ಮ ಸೌದೆಗೇ ಬೆಲೆ ತೆರುತ್ತೇವೆ, ಹುಡುಗರು ಬೀಸುವ ಕಲ್ಲನ್ನು ಹೊರುತ್ತಾರೆ, ಬೆಟ್ಟದ ಮೇಲೆ ನರಿಗಳು ತಿರುಗುತ್ತವೆ. ಕಡೆಯಲ್ಲಿ, ನಮ್ಮನ್ನು ಮರಳಿಸಿಕೋ ಎಂಬ ಬೇಡಿಕೆ. ಅದರ ಮೇಲೆ, ನೀನು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟಿರದಿದ್ದರೆ ಎಂಬ ಶಂಕೆ. ಅಷ್ಟಕ್ಕೇ ಕಾವ್ಯ ನಿಲ್ಲುತ್ತದೆ. ಕ್ರಿ.ಶ. 70ರಲ್ಲಿ ರೋಮಿನ ತೀತನು ಎರಡನೆಯ ದೇವಾಲಯವನ್ನು ಸುಟ್ಟನು. ಅಲ್ಲಿಂದ ಒಯ್ದ ಏಳು ಕವಲಿನ ದೀಪಸ್ತಂಭವನ್ನು ರೋಮ್ ನಗರದ ಅವನ ವಿಜಯತೋರಣದ ಮೇಲೆ ಕೆತ್ತಿರುವುದನ್ನು ಈಗಲೂ ನೋಡಬಹುದು. ಆ ಸೂರೆಗೂ ಯೆಹೂದ್ಯರು ಹೊಸ ಪ್ರಲಾಪವನ್ನು ಅರಸದೆ ಈ ಹಳೆಯದನ್ನೇ ಓದಿದರು. ಅವರ ಆಬ್ ತಿಂಗಳ ಒಂಬತ್ತನೆಯ ದಿನ ಉಪವಾಸವಿದ್ದು, ನೆಲದ ಮೇಲೆ ಕುಳಿತು ಓದುವ ಪದ್ಧತಿಯಿದೆ. ಓದಿ ಮುಗಿಸಿದ ಮೇಲೆ ಕೊನೆಯ ಶಂಕೆಯಲ್ಲಿ ನಿಲ್ಲಲಾರದೆ ಅದರ ಹಿಂದಿನ ಬೇಡಿಕೆಯ ವಚನವನ್ನು ಇನ್ನೊಮ್ಮೆ ಹೇಳುತ್ತಾರೆ. ಕವಿ ಬರೆದುದನ್ನು ಅಳಿಸಲಿಲ್ಲ. ಹಾಗೆಂದು ಅಲ್ಲಿಯೇ ಮಲಗಲೂ ಇಲ್ಲ.

ಪಾತ್ರೆಗಳು ಏನಾದವೆಂದು 539ರ ನಂತರದ ಕಥೆ ಹೇಳುತ್ತದೆ. ಬಾಬೆಲನ್ನು ಗೆದ್ದ ಪಾರಸಿಯ ಕೋರೆಷನು ಅವನ್ನು ಹಿಂದಕ್ಕೆ ಕೊಡಿಸಿದನೆಂದು ಎಜ್ರನ ಗ್ರಂಥದಲ್ಲಿದೆ: ಚಿನ್ನದ ಪರಾತಗಳು 30, ಬೆಳ್ಳಿಯವು 1,000, ಕತ್ತಿಗಳು 29, ಚಿನ್ನದ ಬಟ್ಟಲುಗಳು 30, ಬೆಳ್ಳಿಯವು 410, ಇತರ ಪಾತ್ರೆಗಳು 1,000, ಒಟ್ಟು 5,400. ಗಣಿತ ಕಲಿಸುವವರು ಕೂಡಿ ನೋಡಲಿ. 2,499 ಮಾತ್ರ ಆಗುತ್ತದೆ. ಲಿಪಿಕಾರರ ದೋಷವಿರಬಹುದು, ಪಟ್ಟಿ ಅಪೂರ್ಣವಿರಬಹುದು. ಹೇಗಾದರೂ ಆಗಲಿ, ಕಳೆದುದು ಬಂದುದಕ್ಕಿಂತ ಹೆಚ್ಚೆಂಬುದನ್ನು ಆ ಲೆಕ್ಕವೇ ತಾನರಿಯದೆ ಹೇಳುತ್ತಿದೆ. ‘ಪ್ರಲಾಪಗಳಲ್ಲಿ’ ಕೇಳಿದ ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ.

ಕನ್ನಡ ಅನುವಾದದ ಬಗೆಗೆ ಒಂದು ಮಾತು. ಅನುವಾದದ ಗದ್ಯ ಗಂಭೀರವಾಗಿದೆ, ಕೆಲವೆಡೆ ನಿಜವಾಗಿ ಎದೆ ಕಲಕುತ್ತದೆ. ಆದರೆ ಅಕ್ಷರಮಾಲೆಯ ಕಟ್ಟು ಅದರಲ್ಲಿ ಉಳಿದಿಲ್ಲ. ಉಳಿಯುವುದು ಸಾಧ್ಯವೂ ಇರಲಿಲ್ಲವೆನ್ನಬಹುದು. ಕಟ್ಟು ಹೋದೊಡನೆ ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವಣ ಅಂತರ ಕಾಣದಾಗುತ್ತದೆ. ಅಕ್ಷರ ಕೈಕೊಟ್ಟ ಆ ಗಳಿಗೆ ಕನ್ನಡದ ಓದುಗನಿಗೆ ತಿಳಿಯುವುದೇ ಇಲ್ಲ. ಕನ್ನಡ ವಿಭಾಗಗಳು ಒಂದೊಂದಾಗಿ ತೆಳುವಾಗುತ್ತಿರುವ ಈ ಗಡಿಸೀಮೆಯಲ್ಲಿ ವರ್ಷವರ್ಷವೂ ಕರಿಹಲಗೆಯ ಮೇಲೆ ಮೊದಲಕ್ಷರವನ್ನು ಬರೆಯುವ ನಮಗೆ ಅದು ತಿಳಿಯಬೇಕೆಂದು ಆಸೆ.

ಹಂಪಿಯ ಹುಡುಗನಿಗೆ ನಾವು ಈ ವರ್ಷ ಉತ್ತರವೆಂಬುದನ್ನು ಕೊಟ್ಟೆವು: ನಿನ್ನ ಪ್ರಶ್ನೆಯನ್ನು ಬಹಳ ಹಿಂದೆ ಬೇರೊಂದು ದೇಶದವರೂ ಕೇಳಿದರು, ಒಬ್ಬನು ದೇವರೇ ಒಡೆಸಿದನೆಂದನು, ಒಬ್ಬನು ದೇವರು ಮೊದಲೇ ಎದ್ದು ಹೋಗಿದ್ದನೆಂದನು, ಇನ್ನೊಬ್ಬನು ಕೇಳುತ್ತಲೇ ಇದ್ದನು ಎಂದೆವು. “ಆ ಮೂರನೇದಾತನ ಹೆಸರೇನು ಸಾರ್?” ಎಂದನು. ಗೊತ್ತಿಲ್ಲವೆಂದೆವು.

ಮೊದಲನೆಯ ಪ್ರಲಾಪದ ಭಾವವನ್ನು ನಮ್ಮ ವರ್ಣಮಾಲೆಯ ಕ್ರಮದಲ್ಲಿ, ಒಂದೊಂದು ಅಕ್ಷರಕ್ಕೆ ಒಂದು ಸಾಲಿನಂತೆ, ಕನ್ನಡದಲ್ಲಿ ಕಟ್ಟಲು ನಾವು ತೊಡಗಿದ್ದೇವೆ. ಸ್ವರಗಳು ಹೇಗೋ ಮುಗಿದುವು. ಋಕಾರಕ್ಕೆ ‘ಋಣ’ವೆಂಬ ಮಾತೇ ಒದಗಿತು. ಕ, ಖ, ಗ, ಘ ಆದವು. ಈಗ ಙಕಾರದಲ್ಲಿ ನಿಂತಿದ್ದೇವೆ. ಓದುಗರಲ್ಲಿ ಯಾರಿಗಾದರೂ ದಾರಿ ತೋಚಿದರೆ ಸಂಪಾದಕರ ಮೂಲಕ ತಿಳಿಸಬೇಕಾಗಿ ಕೋರುತ್ತೇವೆ.